ಪದ ಪರಿಚಯ: ಕಡತ

ಲಿನಕ್ಸ್ ಗಣಕದ ಪರದೆಯನ್ನು ಕನ್ನಡಕ್ಕೆ ತಿರುಗಿಸಿದರೆ ಫೈಲ್ ‘ಕಡತ’ವಾಗುತ್ತದೆ, ಫೋಲ್ಡರ್ ‘ಕಡತಕೋಶ’ವಾಗುತ್ತದೆ. ಕಡತ ಮೊದಲಿಗೆ ಬಟ್ಟೆ. ಹುಣಸೆಬೀಜದ ಸರಿಗೆ ಇದ್ದಿಲ ಪುಡಿ ಕಲಸಿ ಬಟ್ಟೆಗೆ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಅದರ ಮೇಲೆ ಲೆಕ್ಕಪತ್ರ ಬರೆಯುತ್ತಿದ್ದರು. ‘ಕಡಿತ’ ಎಂಬ ರೂಪವೂ ಉಂಟು. ಶೃಂಗೇರಿ ಮಠದಲ್ಲಿ ಇಂಥ ಕಡತಗಳು ಉಳಿದಿವೆ. 1956ರವರೆಗೆ ಮುಂಬಯಿ ಆಡಳಿತದಲ್ಲಿದ್ದ ಕೆರೂರ, ಬಾದಾಮಿ ಸೀಮೆಯ ಕಚೇರಿ ಮಾತಿಗೆ ದಾಖಲೆಪತ್ರ ಎಂಬರ್ಥದ ಪಾರ್ಸಿಯ ‘ದಪ್ತರ’ವೂ ಬಂತು, ಅದರ ಮೂಲ ತೊಗಲು ಎಂಬರ್ಥದ ಗ್ರೀಕ್ ಪದ.

ಲಿನಕ್ಸ್‌ಗೆ ಮಾದರಿಯಾದ ಯುನಿಕ್ಸ್‌ನಲ್ಲಿ ಎಲ್ಲ ಕಡತಕೋಶಗಳೂ ಒಂದೇ ಓರೆಗೆರೆಯಿಂದ, ಅಂದರೆ ಬೇರಿನಿಂದ, ಕವಲೊಡೆಯುತ್ತವೆ. ‘ಇಟಿಸಿ’ ಎಂಬ ಕೋಶದಲ್ಲಿ ವ್ಯವಸ್ಥೆಯ ಸೆಟ್ಟಿಂಗ್‌ಗಳು, ‘ವಾರ್’ನಲ್ಲಿ ದಿನೇ ದಿನೇ ಬೆಳೆಯುವ ದಾಖಲೆಗಳು, ‘ಹೋಮ್’ನಲ್ಲಿ ಬಳಕೆದಾರರ ಸ್ವಂತ ಕಡತಗಳು. ‘ಯುಎಸ್‌ಆರ್’ನ ಕಥೆಯೂ ಕಡತದ ಕಥೆಯಂಥದೇ. 1970ರ ದಶಕದ ಆರಂಭದಲ್ಲಿ, ಯುನಿಕ್ಸ್ ಹುಟ್ಟಿದ ಬೆಲ್ ಲ್ಯಾಬ್ಸ್‌ನಲ್ಲಿ, ಅದು ಬಳಕೆದಾರರ ಜಾಗ. ಮೊದಲ ಡಿಸ್ಕ್ ತುಂಬಿದಾಗ ವ್ಯವಸ್ಥೆಯ ಪ್ರೋಗ್ರಾಮ್‌ಗಳೂ ಅಲ್ಲಿಗೆ ಬಂದವು. ಕಾಲಕ್ರಮದಲ್ಲಿ ಬಳಕೆದಾರರು ಬೇರೆಡೆ ಹೋದರು, ಹೆಸರು ಮಾತ್ರ ಹಾಗೇ ನಿಂತಿತು. ಲಿನಕ್ಸ್‌ಗೆ ಈ ಜೋಡಣೆಯ ಮೊದಲ ಲಿಖಿತ ಮಾನದಂಡ ಬಂದದ್ದು 1994ರಲ್ಲಿ.

ಕೋಶಗಳ ಈ ಹೆಸರುಗಳನ್ನು ಕನ್ನಡಿಸುವುದು ಬೇಡ. ಪ್ರೋಗ್ರಾಮ್‌ಗಳು ಅವೇ ಅಕ್ಷರಗಳನ್ನು ಹುಡುಕುತ್ತವೆ. ಆದರೆ ಗಣಕ ಕಲಿಸುವ ಶಿಕ್ಷಕರು ಫೈಲ್ ಎಂದಾಗ ಜೊತೆಗೇ ಕಡತ ಎಂದೂ ಹೇಳಲಿ, ಆ ಬಟ್ಟೆಯ ಪುಸ್ತಕದ ಚಿತ್ರವನ್ನೂ ಮಕ್ಕಳಿಗೆ ತೋರಿಸಲಿ.