ಬ್ರೇಕ್ ಹಾಕಿದರೆ ಕರೆಂಟು ಎಲ್ಲಿಗೆ ಹೋಗಬೇಕು?

ಹೋದ ದೀಪಾವಳಿಗೆ ಊರಿಗೆ ಹೋದಾಗ ಆನೆಕೊಂಡದ ಮನೆ ಮಹಡಿಯಲ್ಲಿ ಒಂದು ಎಡವಟ್ಟು ಮಾಡಿಕೊಂಡೆ. 48 ವೋಲ್ಟಿನ ಹಬ್ ಮೋಟಾರನ್ನು ಬ್ಯಾಟರಿ ಬದಲು ಪವರ್ ಸಪ್ಲೈಗೆ ಜೋಡಿಸಿ, ಜೋರಾಗಿ ತಿರುಗಿಸಿ, ಒಮ್ಮೆಲೇ ಬ್ರೇಕ್ ಕೊಟ್ಟೆ. ಟಪ್! ನಾನೇ ಬೆಸೆದಿದ್ದ ಡ್ರೈವರ್ ಬೋರ್ಡಿನ ಮಾಸ್‌ಫೆಟ್‌ಗಳು ಹೊಗೆಯಾದವು. "ಏನೋ ಅದು ವಾಸ್ನೆ?" ಅಂತ ಅಮ್ಮ ಕೆಳಗಿಂದ ಕೂಗಿದಳು. ಕಾರಣ ಹುಡುಕುತ್ತಾ ಹೋದರೆ, ಇದು ನೂರು ವರ್ಷಕ್ಕೂ ಹಳೆಯ ತಲೆನೋವು ಅಂತ ಗೊತ್ತಾಯಿತು!

ತಿರುಗುವ ಮೋಟಾರು ಜನರೇಟರೂ ಹೌದು. ಅಮೆರಿಕದ ಫ್ರಾಂಕ್ ಸ್ಪ್ರೇಗ್ 1880ರ ದಶಕದಲ್ಲೇ ಬ್ರೇಕಿನ ಶಕ್ತಿಯನ್ನು ತಂತಿಗೆ ಮರಳಿಸುವ ಮೋಟಾರು ಮಾಡಿದ್ದ. ಆದರೆ ಮರಳಿದ ಕರೆಂಟನ್ನು ಬಳಸಲು ಅದೇ ತಂತಿಯಲ್ಲಿ ಇನ್ನೊಂದು ಗಾಡಿ ಓಡುತ್ತಿರಬೇಕು. ಇಲ್ಲದಿದ್ದರೆ ವೋಲ್ಟೇಜು ಏರುತ್ತೆ. 2011ರ ಅಕ್ಟೋಬರ್ 20ಕ್ಕೆ ಶುರುವಾದ ನಮ್ಮ ಮೆಟ್ರೋದ 750 ವೋಲ್ಟಿನ ಮೂರನೇ ಹಳಿಗೂ ಇದೇ ನಿಯಮ.

2001ರಲ್ಲಿ ಬೆಂಗಳೂರಿನ ಚೇತನ್ ಮೈನಿ ಅವರ ರೇವಾ ಕಾರು ರಸ್ತೆಗಿಳಿಯಿತು. ಅದು ಬ್ರೇಕಿನ ಕರೆಂಟನ್ನು ತನ್ನದೇ 48 ವೋಲ್ಟಿನ ಸೀಸದ ಬ್ಯಾಟರಿಗೆ ತುಂಬುತ್ತಿತ್ತು. ಆಗ ಅದರ ಮೋಟಾರಿಗೆ ಬ್ರಷ್ ಇತ್ತು. ಬ್ರಷ್ ಕೆಲಸವನ್ನು ಟ್ರಾನ್ಸಿಸ್ಟರಿಗೆ ವಹಿಸುವ ಮೋಟಾರನ್ನು ವಿಲ್ಸನ್ ಮತ್ತು ಟ್ರಿಕಿ 1962ರಲ್ಲೇ ವಿವರಿಸಿದ್ದರು. 2018ರಲ್ಲಿ ಬೆಂಗಳೂರಿನಲ್ಲಿ ಮಾರಾಟಕ್ಕೆ ಬಂದ ಏಥರ್ 450 ಸ್ಕೂಟರಿನಲ್ಲಿರುವುದೂ ಬ್ರಷ್ ಇಲ್ಲದ ಮೋಟಾರೇ.

ಇಲ್ಲೊಂದು ಸೋಜಿಗ. ನಿಧಾನವಾಗಿ ತಿರುಗುವ ಮೋಟಾರು ಹುಟ್ಟಿಸುವ ವೋಲ್ಟೇಜು ಬ್ಯಾಟರಿಯದ್ದಕ್ಕಿಂತ ಕಮ್ಮಿ. ಹಾಗಿದ್ದರೆ ಕರೆಂಟು ಮೇಲೇರುವುದು ಹೇಗೆ? ಕೆಳಗಿನ ಮಾಸ್‌ಫೆಟ್‌ಗಳನ್ನು ಆನ್ ಮಾಡಿದರೆ ಸುರುಳಿಗಳು ಶಾರ್ಟ್ ಆಗಿ ಅವುಗಳಲ್ಲಿ ಕರೆಂಟು ಬೆಳೆಯುತ್ತೆ. ತಟ್ಟನೆ ಆಫ್ ಮಾಡಿದರೆ ಸುರುಳಿ ಅದನ್ನು ನಿಲ್ಲಲು ಬಿಡದೆ, ಮೇಲಿನ ಮಾಸ್‌ಫೆಟ್‌ನೊಳಗಿನ ಡಯೋಡಿನ ಮೂಲಕ ಬ್ಯಾಟರಿ ಕಡೆಗೆ ತಳ್ಳುತ್ತೆ. ಸೆಕೆಂಡಿಗೆ ಸಾವಿರಾರು ಸಲ!

ಸಣ್ಣ ಲೆಕ್ಕ ನೋಡಿ. ಸವಾರನೂ ಸೇರಿ 180 ಕಿಲೋ ತೂಗುವ ಸ್ಕೂಟರು 36 ಕಿಮೀ ವೇಗದಲ್ಲಿದ್ದರೆ 9000 ಜೂಲ್ ಶಕ್ತಿ. ಬೋರ್ಡಿನಲ್ಲಿರುವ 1000 ಮೈಕ್ರೋಫ್ಯಾರಡ್ ಕೆಪಾಸಿಟರು 48ರಿಂದ 60 ವೋಲ್ಟಿಗೆ ಏರುವಷ್ಟರಲ್ಲಿ ಹಿಡಿದಿಡುವುದು ಬರೀ 0.65 ಜೂಲ್! ನನ್ನ ಖಾಲಿ ಚಕ್ರಕ್ಕೇ ಅದು ಸಾಲಲಿಲ್ಲ. ಪವರ್ ಸಪ್ಲೈ ಅಂತೂ ಕೊಡುತ್ತದೆಯೇ ಹೊರತು ವಾಪಸ್ ತಗೊಳ್ಳುವುದಿಲ್ಲ. ವೋಲ್ಟೇಜು ಏರಿತು, 60 ವೋಲ್ಟ್ ತಡೆಯುವ ಮಾಸ್‌ಫೆಟ್ ಸತ್ತಿತು.

ಬ್ಯಾಟರಿ ಹಾಕಿದರೂ ಅದು ಪೂರ್ತಿ ತುಂಬಿದ್ದಾಗ ಇದೇ ಪಾಡು. ಆಗ ಮೋಟಾರಿನ ಬ್ರೇಕನ್ನು ತಗ್ಗಿಸಿ ಮಾಮೂಲಿ ಬ್ರೇಕನ್ನು ನಂಬಬೇಕು, ಇಲ್ಲವೇ ವೋಲ್ಟೇಜು ಮಿತಿ ದಾಟಿದೊಡನೆ ಕರೆಂಟನ್ನು ರೆಸಿಸ್ಟರಿಗೆ ಹರಿಸಿ ಬಿಸಿ ಮಾಡಿ ಕಳೆಯಬೇಕು. ನಾನು 54 ವೋಲ್ಟಿಗೆ ಆನ್ ಆಗುವ ಹಾಗೆ ಒಂದು ರೆಸಿಸ್ಟರ್ ಹಾಕಿದೆ. ಬ್ರೇಕ್ ಕೊಟ್ಟಾಗಲೆಲ್ಲ ನಮ್ಮೂರ ಬೆಣ್ಣೆದೋಸೆ ಕಾವಲಿ ಥರ ಕಾಯುತ್ತೆ. ಶಕ್ತಿ ದಂಡ, ನಿಜ. ಆದರೆ ಬೋರ್ಡು ಉಳಿದಿದೆ, ಅಮ್ಮನಿಗೆ ವಾಸನೆಯೂ ಬಂದಿಲ್ಲ :)