ಒತ್ತೆಯಾದ ರಾಜಕುಮಾರರು ಮತ್ತು ಸಂಡೂರಿನ ಕೂಸು

2020ರ ರಮಝಾನ್ ತಿಂಗಳನ್ನು ನಮ್ಮಲ್ಲಿ ಯಾರೂ ಮರೆತಿರಲಾರರು. ಮಸೀದಿಗಳ ಬಾಗಿಲು ಮುಚ್ಚಿತ್ತು. ತರಾವೀಹ್ ನಮಾಝ್ ಮನೆಯ ಪಡಸಾಲೆಯಲ್ಲೇ ನಡೆಯುತ್ತಿತ್ತು. ಸಂಡೂರು ತಾಲ್ಲೂಕಿನ ಚೋರನೂರಿನ ನಮ್ಮ ಮನೆಯಲ್ಲಿ ಆ ತಿಂಗಳು ಮತ್ತೊಂದು ಹೊಸ ರೂಢಿಯೂ ಸೇರಿಕೊಂಡಿತು. ನಮಾಝ್ ಮುಗಿದ ಮೇಲೆ ಮಕ್ಕಳು ಮೊಬೈಲನ್ನು ಗೋಡೆಗೆ ಒರಗಿಸಿಟ್ಟು ‘ಎರ್ತುಗ್ರುಲ್’ ನೋಡಲು ಕೂರುತ್ತಿದ್ದರು. 2014ರಿಂದ 2019ರವರೆಗೆ ತುರ್ಕಿಯ ಸರಕಾರಿ ವಾಹಿನಿಯಲ್ಲಿ ಪ್ರಸಾರವಾದ ಈ ಧಾರಾವಾಹಿಯ ಉರ್ದು ಅವತರಣಿಕೆ ಅದೇ ರಮಝಾನ್‌ನಲ್ಲಿ ಪಾಕಿಸ್ತಾನದ ದೂರದರ್ಶನದಲ್ಲಿ ಆರಂಭವಾಗಿ, ಅಂತರ್ಜಾಲದ ಮೂಲಕ ನಮ್ಮ ಹಳ್ಳಿಗಳನ್ನೂ ತಲುಪಿತ್ತು. ಎರ್ತುಗ್ರುಲ್‌ನ ತಂದೆ ಸುಲೈಮಾನ್ ಶಾಹ್ ಮರಣ ಹೊಂದುವ ಕಂತಿನಂದು ಮನೆಯಲ್ಲಿ ಯಾರ ಕಣ್ಣೂ ಒಣಗಿರಲಿಲ್ಲ. ಎಂಟು ವರ್ಷದ ಹುಡುಗನೊಬ್ಬ ಸಹರಿಗೆ ಏಳಲೂ ನಿರಾಕರಿಸಿದ.

ಎರ್ತುಗ್ರುಲ್‌ನ ಬಗ್ಗೆ ಚರಿತ್ರೆಗೆ ತಿಳಿದಿರುವುದು ಅತ್ಯಲ್ಪ. ಅವನ ಕಾಲದಲ್ಲೇ ಬರೆದ ವೃತ್ತಾಂತ ಯಾವುದೂ ಇಲ್ಲ, ನಮ್ಮ ಕೈಯಲ್ಲಿರುವ ಉಸ್ಮಾನೀ ವೃತ್ತಾಂತಗಳು ನೂರಕ್ಕೂ ಹೆಚ್ಚು ವರ್ಷಗಳ ನಂತರದವು. ಅವನ ತಂದೆಯ ಹೆಸರು ಸುಲೈಮಾನ್ ಶಾಹ್ ಅಲ್ಲ, ಗುಂದುಝ್ ಆಲ್ಪ್ ಎಂದು ಹೇಳುವ ಹಳೆಯ ಮೂಲಗಳೂ ಇವೆ. ಇದನ್ನು ಹೇಳಿದಾಗ ಮಕ್ಕಳಿಗೆ ಸಿಟ್ಟು ಬಂದಿತು. ಅವರ ದಾದಿ, ಅಂದರೆ ನನ್ನ ತಾಯಿ ಮಾತ್ರ ನಕ್ಕು, “ನಿಮ್ಮ ಅಬ್ಬಾನೂ ಒಮ್ಮೆ ಹೀಗೆಯೇ ಅತ್ತಿದ್ದ, ಟಿಪ್ಪುವಿನ ಮಕ್ಕಳನ್ನು ಆನೆಯ ಮೇಲೆ ಕೂರಿಸಿ ಕಳಿಸಿದ ದಿನ” ಎಂದರು.

ಅದು ನಿಜ. 1990ರಲ್ಲಿ ದೂರದರ್ಶನವು ‘ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್’ ಧಾರಾವಾಹಿಯ ಪ್ರಸಾರವನ್ನು ಆರಂಭಿಸಿದಾಗ ಊರಿನಲ್ಲಿ ಟಿ.ವಿ. ಇದ್ದ ಮನೆಗಳನ್ನು ಬೆರಳಲ್ಲಿ ಎಣಿಸಬಹುದಿತ್ತು. ನಾವು ನೋಡುತ್ತಿದ್ದುದು ಬೀದಿಯ ಕೊನೆಯ ಲಿಂಗಾಯತರ ಮನೆಯ ಪಡಸಾಲೆಯಲ್ಲಿ. ಒಬ್ಬರು ಮಾಳಿಗೆಯ ಮೇಲೆ ನಿಂತು ಆಂಟೆನಾ ತಿರುಗಿಸಬೇಕು, ಕೆಳಗಿನಿಂದ ಇನ್ನೊಬ್ಬರು “ಬಂತು, ಬಂತು, ಸಾಕು” ಎಂದು ಕೂಗಬೇಕು. ಹೆಂಗಸರು ಬಾಗಿಲ ಹಿಂದೆ, ಗಂಡಸರು ಜಗಲಿಯ ಕಿಟಕಿಯಲ್ಲಿ, ಮಕ್ಕಳಾದ ನಾವು ಪರದೆಗೆ ಮೂಗು ತಾಗುವಷ್ಟು ಹತ್ತಿರ. ಅದರ ಹಿಂದೂಸ್ತಾನಿ ಸಂಭಾಷಣೆಯನ್ನು ನನ್ನ ತಾಯಿ ಅಕ್ಕಪಕ್ಕದ ಹೆಂಗಸರಿಗೆ ಕನ್ನಡದಲ್ಲಿ ಪಿಸುಗುಟ್ಟುತ್ತಿದ್ದರು.

ಆ ಧಾರಾವಾಹಿಯ ಮೊದಲ ದುರಂತ ತೆರೆಯ ಮೇಲಿನದಲ್ಲ ಎಂಬುದು ನಮಗೆ ಆಗ ಗೊತ್ತಿರಲಿಲ್ಲ. 1989ರ ಫೆಬ್ರವರಿ 8ರಂದು ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ಚಿತ್ರೀಕರಣ ನಡೆಯುತ್ತಿದ್ದಾಗ ಬೆಂಕಿ ಹೊತ್ತಿಕೊಂಡು 62 ಮಂದಿ ಪ್ರಾಣ ಕಳೆದುಕೊಂಡರು. ಟಿಪ್ಪುವಿನ ಪಾತ್ರಧಾರಿ ಸಂಜಯ್ ಖಾನ್ ತೀವ್ರವಾಗಿ ಸುಟ್ಟುಕೊಂಡು ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದರು. ಸತ್ತವರು ಸುಲ್ತಾನರೂ ಅಲ್ಲ, ಸೇನಾನಿಗಳೂ ಅಲ್ಲ, ದಿನಗೂಲಿಗೆಂದು ಬಂದವರೇ ಅವರಲ್ಲಿ ಅನೇಕರು. ತೆರೆಯ ಮೇಲಿನ ಸಾವಿಗೆ ಅತ್ತ ನಾವು ಅವರನ್ನು ಒಮ್ಮೆಯೂ ನೆನೆಯಲಿಲ್ಲ.

ಧಾರಾವಾಹಿಗೆ ಆಧಾರವಾಗಿದ್ದುದು ಭಗವಾನ್ ಗಿಡ್ವಾನಿಯವರು 1976ರಲ್ಲಿ ಪ್ರಕಟಿಸಿದ ಕಾದಂಬರಿ. ಪ್ರಸಾರಕ್ಕೆ ಮುನ್ನವೇ ವಿವಾದವೆದ್ದು, ಇದು ಚರಿತ್ರೆಯಲ್ಲ, ಕಾದಂಬರಿಯನ್ನು ಆಧರಿಸಿದ ಕಥೆ ಎಂಬ ಸೂಚನೆಯನ್ನು ತೋರಿಸಬೇಕಾಯಿತು. ಆ ಸೂಚನೆಯನ್ನು ನಮ್ಮ ಬೀದಿಯಲ್ಲಿ ಯಾರೂ ಓದಿದ್ದು ನೆನಪಿಲ್ಲ. ಆ ಹೊತ್ತಿನಲ್ಲಿ ಎಲ್ಲರ ಗಮನವೂ ಆಂಟೆನಾದ ಮೇಲಿರುತ್ತಿತ್ತು.

ಆದರೆ ರಾಜಕುಮಾರರ ಪ್ರಸಂಗ ಕಾದಂಬರಿಕಾರನ ಕಲ್ಪನೆಯಲ್ಲ. ಮೂರನೆಯ ಮೈಸೂರು ಯುದ್ಧದಲ್ಲಿ ಇಂಗ್ಲಿಷರು, ನಿಜಾಮರು ಮತ್ತು ಮರಾಠರು ಒಟ್ಟಾಗಿ ಶ್ರೀರಂಗಪಟ್ಟಣವನ್ನು ಮುತ್ತಿದಾಗ ಟಿಪ್ಪು ಸುಲ್ತಾನರು ಒಪ್ಪಬೇಕಾಗಿ ಬಂದ ಮುಖ್ಯ ಷರತ್ತುಗಳು ಇವು: ರಾಜ್ಯದ ಅರ್ಧಭಾಗ, ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ, ಮತ್ತು ಆ ಹಣ ಸಲ್ಲುವವರೆಗೆ ಇಬ್ಬರು ಮಕ್ಕಳು ಒತ್ತೆ. 1792ರ ಫೆಬ್ರವರಿ 26ರಂದು ಅಬ್ದುಲ್ ಖಾಲಿಕ್ ಮತ್ತು ಮುಇಝುದ್ದೀನ್ ಕೋಟೆಯ ಬಾಗಿಲಿನಿಂದ ಹೊರಟರು. ಇಬ್ಬರೂ ಇನ್ನೂ ಎಳೆಯ ಮಕ್ಕಳು. ಬಿಳಿಯ ಮಸ್ಲಿನ್ ನಿಲುವಂಗಿ, ಕೆಂಪು ಪೇಟ, ಕೊರಳಲ್ಲಿ ಮುತ್ತಿನ ಸರ. ಅಲಂಕರಿಸಿದ ಆನೆಗಳ ಮೇಲೆ ಅವರು ಶತ್ರುವಿನ ಡೇರೆಯತ್ತ ಸಾಗುವುದನ್ನು ಸುಲ್ತಾನರು ಕೋಟೆಬಾಗಿಲ ಮೇಲಿನ ಬತೇರಿಯಲ್ಲಿ ನಿಂತು ನೋಡಿದರೆಂದು ಅಂದು ಅಲ್ಲಿದ್ದ ಇಂಗ್ಲಿಷ್ ಅಧಿಕಾರಿ ಡಿರಾಮ್ ಬರೆದಿದ್ದಾನೆ. ಡೇರೆಯಲ್ಲಿ ವಕೀಲ ಗುಲಾಮ್ ಅಲಿ ಖಾನ್ ಮಕ್ಕಳ ಕೈಯನ್ನು ಕಾರ್ನ್‌ವಾಲಿಸ್‌ಗೆ ಒಪ್ಪಿಸುತ್ತಾ, ಬೆಳಗಿನವರೆಗೆ ಇವರು ಸುಲ್ತಾನರ ಮಕ್ಕಳಾಗಿದ್ದರು, ಇನ್ನು ನಿಮ್ಮನ್ನೇ ತಂದೆಯೆಂದು ಕಾಣಬೇಕಾದವರು ಎಂಬರ್ಥದ ಮಾತನ್ನಾಡಿದ. ಕಾರ್ನ್‌ವಾಲಿಸ್ ಇಬ್ಬರಿಗೂ ಒಂದೊಂದು ಚಿನ್ನದ ಗಡಿಯಾರ ಕೊಟ್ಟ. ಮಕ್ಕಳು ಮದರಾಸಿನಲ್ಲಿ ಎರಡು ವರ್ಷ ಕಳೆದು 1794ರಲ್ಲಿ ದೇವನಹಳ್ಳಿಯಲ್ಲಿ ತಂದೆಯನ್ನು ಮತ್ತೆ ಕಂಡರು.

ಈ ದೃಶ್ಯಕ್ಕೆ ಅತ್ತ ಮೊದಲ ಪ್ರೇಕ್ಷಕರು ನಾವಲ್ಲ ಎಂಬುದು ವಿಚಿತ್ರವಾದರೂ ಸತ್ಯ. ಸೇನೆಯೊಂದಿಗಿದ್ದ ಚಿತ್ರಕಾರ ರಾಬರ್ಟ್ ಹೋಮ್ ಅದನ್ನು ದೊಡ್ಡ ಪಟವಾಗಿ ಬರೆದ. ಭಾರತವನ್ನೇ ಕಾಣದ ಮೇದರ್ ಬ್ರೌನ್ ಮೊದಲಾದವರು ಲಂಡನ್ನಿನಲ್ಲೇ ಕುಳಿತು ಬರೆದರು. ಅವುಗಳ ಅಚ್ಚುಪ್ರತಿಗಳು ಇಂಗ್ಲೆಂಡಿನ ಮನೆಮನೆಗೆ ಹೋದವು. ಆ ಪಟಗಳಲ್ಲಿ ಕಾರ್ನ್‌ವಾಲಿಸ್ ಕರುಣಾಳು ತಂದೆ, ಕೈಚಾಚಿ ಅನಾಥರನ್ನು ಬರಮಾಡಿಕೊಳ್ಳುವ ದಯಾಮಯಿ. ಆ ಮಕ್ಕಳನ್ನು ತಂದೆಯಿಂದ ಕಿತ್ತವನೇ ಅವನೆಂಬುದು ಪಟ ನೋಡಿ ಕಣ್ಣೊರೆಸಿಕೊಂಡವರಿಗೆ ಹೊಳೆಯಲೇ ಇಲ್ಲ. ಮನುಷ್ಯನು ನಿಜವಾಗಿಯೂ ಅಳುತ್ತಿರುವಾಗಲೇ ಅವನನ್ನು ಸುಳ್ಳಿನ ಪಕ್ಷಕ್ಕೆ ಒಯ್ಯಬಹುದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಕಂಡಿಲ್ಲ.

ಹಾಗಾದರೆ ನಮ್ಮ ಅಳು? ಆ ರಾತ್ರಿ ಚೋರನೂರಿನ ಆ ಪಡಸಾಲೆಯಲ್ಲಿ ಜಾತಿಮತವೆನ್ನದೆ ಎಲ್ಲರೂ ಮೌನವಾಗಿದ್ದಾಗ, ಕಂಬಕ್ಕೊರಗಿ ಕೂತಿದ್ದ ಆ ಮನೆಯ ಅಜ್ಜ ಎಲೆಅಡಿಕೆ ಬದಿಗಿಟ್ಟು, “ಪಾಪ, ಮಕ್ಳು” ಎಂದರು. ಸ್ವಲ್ಪ ಹೊತ್ತು ಬಿಟ್ಟು, “ನಮ್ಮ ಸಂಡೂರ್ ಕಡಿ ಕೃಷ್ಣಾನಗರದ ಕ್ವಾಟಿ ಕಟ್ಟಿಸಿದೋರೂ ಇವರ ಅಪ್ಪಾರು, ಅಜ್ಜಾರೇ. ಆಗ ಅಲ್ಲೂ ಅತ್ತೋರು ಇದ್ರು” ಎಂದರು. ಅದರಲ್ಲಿ ಕೊಂಕಿರಲಿಲ್ಲ. ಆದರೂ ನಮ್ಮವರೊಬ್ಬರು ಮುಖ ಸಿಂಡರಿಸಿಕೊಂಡು ಎದ್ದುಹೋದರು. ನಾನೂ ಅಜ್ಜನ ಮೇಲೆ ಮುನಿಸಿಕೊಂಡೆ. ಆ ಮಾತಿನ ಅರ್ಥ ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ, ಹಳೆಯ ಗೆಝೆಟಿಯರಿನಲ್ಲಿ ಸಂಡೂರು ಸಂಸ್ಥಾನದ ಪುಟಗಳನ್ನು ಓದಿದಾಗ.

ಸಂಡೂರಿನ ಕಣಿವೆಯನ್ನು 1728ರಲ್ಲಿ ಬೇಡರ ಪಾಳೆಯಗಾರನಿಂದ ಗೆದ್ದುಕೊಂಡವರು ಮರಾಠಾ ಮನೆತನದ ಸಿದ್ದೋಜಿ ರಾವ್ ಘೋರ್ಪಡೆ. ಅವರ ಮಗನೇ ಗುತ್ತಿಯ ಪ್ರಸಿದ್ಧ ಮುರಾರಿ ರಾವ್. ಹೈದರ್ ಅಲಿಯವರು 1776ರಲ್ಲಿ ಗುತ್ತಿಯ ಕೋಟೆಯನ್ನು ಹಿಡಿದು ಮುರಾರಿ ರಾವ್‌ರನ್ನು ಸೆರೆಯಾಗಿ ಒಯ್ದರು. ಅವರು ಕಬ್ಬಾಳದುರ್ಗದ ಸೆರೆಯಲ್ಲೇ ತೀರಿಕೊಂಡರು. ಬಳಿಕ ಸಂಡೂರನ್ನೂ ವಶಪಡಿಸಿಕೊಂಡ ಹೈದರ್ ಕೃಷ್ಣಾನಗರದ ಕೋಟೆಯನ್ನು ಆರಂಭಿಸಿದರು. ಅದನ್ನು ಪೂರ್ಣಗೊಳಿಸಿ ಅಲ್ಲಿ ಪಡೆಯನ್ನಿರಿಸಿದವರು ಟಿಪ್ಪು ಸುಲ್ತಾನರು. ಮುರಾರಿ ರಾವ್‌ರ ಸ್ವಂತ ಮಕ್ಕಳಿಬ್ಬರೂ ಬಾಲ್ಯದಲ್ಲೇ ತೀರಿಹೋಗಿದ್ದುದರಿಂದ ಅವರು ದೂರದ ಸಂಬಂಧಿ ಶಿವ ರಾವ್‌ರನ್ನು ದತ್ತು ಪಡೆದಿದ್ದರು. ಸುಮಾರು 1785ರಲ್ಲಿ ಟಿಪ್ಪುವಿನ ಪಡೆಯನ್ನು ಸಂಡೂರಿನಿಂದ ಹೊರಗಟ್ಟಲು ಯತ್ನಿಸಿ ಶಿವ ರಾವ್ ಯುದ್ಧದಲ್ಲಿ ಮಡಿದರು. ಅವರ ಮಗ ಸಿದ್ದೋಜಿಗೆ ಆಗ ಎರಡು ವರ್ಷ.

ಎರಡು ವರ್ಷದ ಕೂಸು. ಆ ಮಗುವಿಗೆ ರಕ್ಷಕನಾಗಿ ನಿಂತ ಚಿಕ್ಕಪ್ಪ ವೆಂಕಟ ರಾವ್ 1790ರಲ್ಲಿ, ಟಿಪ್ಪು ಬೇರೆಡೆ ಯುದ್ಧದಲ್ಲಿ ಸಿಲುಕಿದ್ದಾಗ, ಪಡೆಯನ್ನು ಸಂಡೂರಿನಿಂದ ಹೊರಗಟ್ಟಿದರು. ಇನ್ನು ನನ್ನನ್ನು ಹೆಚ್ಚು ಕಾಡಿದ ಸಂಗತಿ ಇದು: ಘೋರ್ಪಡೆಯವರಿಗೆ ಸಂಡೂರನ್ನು ಉಳಿಸಿಕೊಳ್ಳಲು ಅವಕಾಶವಾದದ್ದು 1792ರ ಶಾಂತಿ ಒಪ್ಪಂದದ ಬಳಿಕ, ಅಂದರೆ ಟಿಪ್ಪುವಿನ ಮಕ್ಕಳು ಆನೆಯೇರಿ ಹೊರಟ ಅದೇ ಒಪ್ಪಂದದ ಬಳಿಕ. ನಾವು ಯಾವ ದಿನಕ್ಕಾಗಿ ಅತ್ತೆವೋ ಆ ದಿನ ಸಂಡೂರಿನ ತಂದೆಯಿಲ್ಲದ ಹುಡುಗನೊಬ್ಬನಿಗೆ ಮನೆ ಮರಳಿ ದೊರಕಿಸಿದ ದಿನವೂ ಆಗಿತ್ತು. ಧಾರಾವಾಹಿ ಇದನ್ನು ತೋರಿಸಲಿಲ್ಲ. ಅದರ ಮೇಲೆ ನನಗೆ ದೂರೂ ಇಲ್ಲ, ಒಂದು ಕಥೆಗೆ ಒಬ್ಬ ನಾಯಕ ಸಾಕು. ಆದರೆ ಆ ಕಣಿವೆಯ ನೆರೆಯಲ್ಲೇ ಬದುಕುವ ನಮಗೆ ಅದು ತಿಳಿದಿರಬೇಕಿತ್ತು.

ಅಳುವುದು ತಪ್ಪೇ ಎಂದು ಕೆಲವು ಹಿರಿಯರು ಕೇಳುತ್ತಾರೆ, ತಪ್ಪೇ ಸರಿ ಎಂದು ಇನ್ನು ಕೆಲವರು ಸಾರುತ್ತಾರೆ. ಧಾರಾವಾಹಿಗಳ ವಿಧಿನಿಷೇಧಗಳನ್ನು ವಿದ್ವಾಂಸರಿಗೆ ಬಿಡುತ್ತೇನೆ. ಕಣ್ಣೀರಿನ ಬಗ್ಗೆ ಮಾತ್ರ ಪವಿತ್ರ ಕುರ್‌ಆನ್ ನಮ್ಮನ್ನು ಕತ್ತಲಲ್ಲಿ ಬಿಟ್ಟಿಲ್ಲ. ಸೂರಃ ಯೂಸುಫ್‌ನಲ್ಲಿ ಎರಡು ಬಗೆಯ ಅಳುವಿದೆ. ತಮ್ಮನನ್ನು ಬಾವಿಗೆ ತಳ್ಳಿದ ಅಣ್ಣಂದಿರು ರಾತ್ರಿ ತಂದೆಯ ಬಳಿಗೆ ಅಳುತ್ತಲೇ ಬಂದರು, ಅಂಗಿಗೆ ಸುಳ್ಳು ರಕ್ತವನ್ನು ಹಚ್ಚಿಕೊಂಡು. ಯಅ್‌ಕೂಬ್(ಅ)ರು ಆ ಕಣ್ಣೀರನ್ನು ಸಾಕ್ಷ್ಯವೆಂದು ಒಪ್ಪಲಿಲ್ಲ. ಅದೇ ಯಅ್‌ಕೂಬ್(ಅ)ರ ಕಣ್ಣುಗಳು ಮುಂದೆ ಮಗನ ದುಃಖದಲ್ಲಿ ಬೆಳ್ಳಗಾದವು. ಅಳು ಒಂದೆಡೆ ಮೋಸದ ಮುಸುಕು, ಇನ್ನೊಂದೆಡೆ ಪ್ರವಾದಿಯ ಪ್ರೀತಿ. ಕಣ್ಣೀರು ಎರಡರಲ್ಲೂ ಉಪ್ಪಾಗಿಯೇ ಇರುತ್ತದೆ.

ಪ್ರವಾದಿ ಮುಹಮ್ಮದ್(ಸ)ರ ಪುಟ್ಟ ಮಗ ಇಬ್ರಾಹೀಮ್ ತೀರಿಕೊಂಡ ಪ್ರಸಂಗವನ್ನು ನಾವು ಸಾಮಾನ್ಯವಾಗಿ ಅರ್ಧದಷ್ಟೇ ಹೇಳುತ್ತೇವೆ. ಮಗು ಕೊನೆಯುಸಿರೆಳೆಯುತ್ತಿದ್ದಾಗ ಪ್ರವಾದಿಯವರ(ಸ) ಕಣ್ಣು ತುಂಬಿ ಬಂತು, ಅಬ್ದುರ್ರಹ್ಮಾನ್ ಬಿನ್ ಔಫ್(ರ) ಅಚ್ಚರಿಪಟ್ಟು ಕೇಳಿದಾಗ ಅದನ್ನು ಕರುಣೆಯೆಂದರು. ಉಳಿದರ್ಧ ಇನ್ನೂ ಗಂಭೀರವಾದದ್ದು. ಅಂದೇ ಸೂರ್ಯಗ್ರಹಣವಾಯಿತು. ಪ್ರವಾದಿಪುತ್ರನ ಮರಣಕ್ಕಾಗಿಯೇ ಸೂರ್ಯ ಕಪ್ಪಾದನೆಂದು ಜನ ಮಾತನಾಡಿಕೊಂಡರು. ಪುತ್ರಶೋಕದಲ್ಲಿದ್ದ ತಂದೆಗೆ ಅದಕ್ಕಿಂತ ಹಿತವಾದ ಮಾತು ಬೇಕೇ? ಆದರೆ ಅವರು ಜನರನ್ನುದ್ದೇಶಿಸಿ, ಸೂರ್ಯಚಂದ್ರರು ಅಲ್ಲಾಹನ ದೃಷ್ಟಾಂತಗಳು, ಯಾರ ಸಾವಿಗಾಗಲಿ ಬದುಕಿಗಾಗಲಿ ಅವಕ್ಕೆ ಗ್ರಹಣ ಹಿಡಿಯದು ಎಂದು ಸ್ಪಷ್ಟಪಡಿಸಿದರು. ಸ್ವಂತ ಮಗನ ಗೌರವಕ್ಕಾಗಿಯೂ ಸತ್ಯವಲ್ಲದ ಒಂದು ಕಥೆಯನ್ನು ಅವರು ನಿಲ್ಲಗೊಡಲಿಲ್ಲ.

1799ರ ಮೇ 4ರಂದು ಟಿಪ್ಪು ಸುಲ್ತಾನರು ಕೋಟೆಯ ಬಾಗಿಲಲ್ಲಿ ಕಾದಾಡುತ್ತಾ ಮಡಿದರು. ಓಡಿಹೋಗಬಹುದಾಗಿದ್ದರೂ ಓಡಲಿಲ್ಲ, ಇದನ್ನು ಶತ್ರುಗಳೂ ಒಪ್ಪಿದ್ದಾರೆ. ರಾತ್ರಿ ಪಂಜಿನ ಬೆಳಕಿನಲ್ಲಿ ಹೆಣಗಳ ರಾಶಿಯಡಿ ಅವರ ದೇಹ ಸಿಕ್ಕಿತು. ಮರುದಿನ ಗುಂಬಝ್‌ನಲ್ಲಿ ತಂದೆತಾಯಿಯರ ಪಕ್ಕ ದಫನವಾದ ಸಂಜೆ ಭೀಕರ ಸಿಡಿಲುಮಳೆ ಸುರಿದು, ಇಂಗ್ಲಿಷರ ಪಾಳೆಯದಲ್ಲೂ ಸಿಡಿಲಿಗೆ ಸಾವುಗಳಾದವು. ಆಕಾಶವೇ ಅತ್ತಿತೆಂದು ನಮ್ಮ ಭಾಷಣಗಳಲ್ಲಿ ಇಂದಿಗೂ ಕೇಳುತ್ತೇವೆ. ಆ ಮಾತು ಕೇಳಿದಾಗಲೆಲ್ಲ ಮದೀನಾದ ಆ ಗ್ರಹಣದ ದಿನ ನನಗೆ ನೆನಪಾಗುತ್ತದೆ. ಮೇ ತಿಂಗಳ ಆರಂಭದಲ್ಲಿ ಶ್ರೀರಂಗಪಟ್ಟಣದಲ್ಲಿ ಸಿಡಿಲುಮಳೆ ಬರುವುದು ಪ್ರತಿವರ್ಷದ ಸಂಗತಿ. ಸುಲ್ತಾನರ ಧೈರ್ಯಕ್ಕೆ ಮಳೆಯ ಸಾಕ್ಷ್ಯ ಬೇಕಾಗಿಲ್ಲ.

ನ್ಯಾಯದ ಆಜ್ಞೆ ಇನ್ನೂ ಕಠಿಣ. ಅಲ್ ಮಾಇದಃ ಅಧ್ಯಾಯದ 8ನೇ ಸೂಕ್ತವು ಒಂದು ಜನಾಂಗದ ಮೇಲಿನ ದ್ವೇಷವು ನಿಮ್ಮನ್ನು ಅನ್ಯಾಯಕ್ಕೆ ಒಯ್ಯದಿರಲಿ ಎಂದು ಎಚ್ಚರಿಸಿದರೆ, ಅನ್ನಿಸಾ ಅಧ್ಯಾಯದ 135ನೇ ಸೂಕ್ತವು ಸ್ವಂತಕ್ಕೆ, ಹೆತ್ತವರಿಗೆ, ಬಂಧುಗಳಿಗೆ ವಿರುದ್ಧವಾದರೂ ಸರಿ, ಸತ್ಯಕ್ಕೆ ಸಾಕ್ಷಿಗಳಾಗಿರಿ ಎನ್ನುತ್ತದೆ. ಮೊದಲನೆಯದನ್ನು ನಾವು ಇತರರಿಗೆ ನೆನಪಿಸುತ್ತೇವೆ, ಎರಡನೆಯದು ನಮಗೇ ಹೇಳಿದ್ದು. 1791ರಲ್ಲಿ ಮರಾಠಾ ಸೇನೆಯ ಲೂಟಿಗೆ ತುತ್ತಾದ ಶೃಂಗೇರಿ ಮಠಕ್ಕೆ ಟಿಪ್ಪು ನೆರವು ಕಳಿಸಿದ ಪತ್ರಗಳನ್ನು ಹೆಮ್ಮೆಯಿಂದ ಉಲ್ಲೇಖಿಸುತ್ತೇವೆ, ಉಲ್ಲೇಖಿಸಲೂ ಬೇಕು. ಅದೇ ಉಸಿರಿನಲ್ಲಿ ಕೊಡಗಿನಿಂದ ಮತ್ತು ಮಂಗಳೂರಿನ ಕ್ರೈಸ್ತ ಮನೆಗಳಿಂದ ಶ್ರೀರಂಗಪಟ್ಟಣಕ್ಕೆ ಸೆರೆಯಾಗಿ ನಡೆದುಹೋದವರ ಮಾತು ಬಂದರೆ ದನಿ ತಗ್ಗಿಸುತ್ತೇವೆ. ಟಿಪ್ಪುವನ್ನು ಬರೀ ಕ್ರೂರಿಯೆಂದು ಚಿತ್ರಿಸುವವರು ಹೆಚ್ಚಿರುವ ಈ ಕಾಲದಲ್ಲಿ ಹಾಗೆ ದನಿ ತಗ್ಗಿಸುವುದಕ್ಕೆ ಕಾರಣಗಳಿವೆ, ಅದು ನನಗೆ ತಿಳಿಯದ್ದೇನಲ್ಲ. ಆದರೆ ಸೂಕ್ತದಲ್ಲಿ ಕಾಲಕ್ಕೆ ತಕ್ಕ ವಿನಾಯಿತಿಯ ಮಾತಿಲ್ಲ. ಅಂದು ಎದ್ದುಹೋದವರ ಹಿಂದೆ ನಾನೂ ಎದ್ದುಹೋಗಿದ್ದೆ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ. ಆ ಅಜ್ಜ ಈಗಿಲ್ಲ.

ಲಾಕ್‌ಡೌನಿನ ಆ ರಾತ್ರಿ ಮೊಬೈಲ್ ಆರಿಸಿ ಮಕ್ಕಳಿಗೆ ಇಷ್ಟನ್ನೂ ಹೇಳಿದೆ. ಮುಇಝುದ್ದೀನ್ ಮತ್ತು ಅಬ್ದುಲ್ ಖಾಲಿಕ್‌ರ ಕಥೆಯನ್ನು ಅವರು ಬಾಯಿ ಬಿಟ್ಟುಕೊಂಡು ಕೇಳಿದರು. ತಂದೆಯ ಮರಣಾನಂತರ ಟಿಪ್ಪುವಿನ ಮಕ್ಕಳನ್ನು ವೆಲ್ಲೂರಿನ ಕೋಟೆಯಲ್ಲಿಟ್ಟು, 1806ರ ಸಿಪಾಯಿಗಳ ದಂಗೆಯ ಬಳಿಕ ಕಲ್ಕತ್ತೆಗೆ ಸಾಗಿಸಿದ್ದನ್ನೂ ಹೇಳಿದೆ. ಮೂಲೆಯಲ್ಲಿ ತಸ್ಬೀಹ್ ಹಿಡಿದು ಕೂತಿದ್ದ ತಾಯಿ ಅಷ್ಟರಲ್ಲಿ ಕೇಳಿದರು:

“ಮತ್ತೆ ಸಂಡೂರಿನ ಆ ಕೂಸಿಗೆ ಏನಾಯಿತು?”

ಸಿದ್ದೋಜಿ 1796ರಲ್ಲಿ ತೀರಿಕೊಂಡ ಎಂದೆ. ಲೆಕ್ಕ ಹಾಕಿದರೆ ಹದಿಮೂರರ ಆಸುಪಾಸು. ಒಪ್ಪಂದದಲ್ಲಿ ಊರು ಸಿಕ್ಕಿದ್ದರೂ ಮನೆಯವರು ಇನ್ನೂ ಸಂಡೂರಿಗೆ ಬಂದು ನೆಲೆಸಿರಲಿಲ್ಲ. ಅವರು ಬಂದದ್ದು 1799ರಲ್ಲಿ, ಶ್ರೀರಂಗಪಟ್ಟಣ ಬಿದ್ದ ಮೇಲೆ.

“ಮದುವೆ ಆಗಿತ್ತೇನು?”

ಆಗಿತ್ತು. ಆ ವಿಧವೆಯೇ ಒಬ್ಬ ಹುಡುಗನನ್ನು ದತ್ತು ಪಡೆದು, ಯುದ್ಧದಲ್ಲಿ ಮಡಿದ ಮಾವನ ಹೆಸರನ್ನೇ ಹೊತ್ತ ಆ ಶಿವ ರಾವ್‌ನಿಂದ ವಂಶ ಮುಂದುವರಿಯಿತು ಎಂದೆ. ತಾಯಿ ತಸ್ಬೀಹ್ ನಿಲ್ಲಿಸಿ, “ಅವಳೂ ಇನ್ನೂ ಹುಡುಗಿಯೇ ಇದ್ದಿರಬೇಕು” ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು.