ಗೆದ್ದದ್ದು ದಪ್ಪ ತೋಳಲ್ಲ, ತಾಳೆಯಾದ ಮೈ

ಇವತ್ತಿನ ಕಂತು ಮೈಕಟ್ಟಿನ ಬಗ್ಗೆ. ಪ್ರೋಟೀನ್ ಲೆಕ್ಕ ಹೇಳಲ್ಲ, ಹೆದರಬೇಡಿ. ಒಂದು ಹಳೇ ಪ್ರಶ್ನೆ ಇದೆ: ಒಳ್ಳೇ ಮೈಕಟ್ಟು ಅಂದ್ರೆ ದೊಡ್ಡ ಮೈಯಾ, ಹದವಾದ ಮೈಯಾ?

1901ರ ಸೆಪ್ಟೆಂಬರ್ 14ಕ್ಕೆ ಹೋಗೋಣ. ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್ ಕಿಕ್ಕಿರಿದಿದೆ. ಬ್ರಿಟನ್ನಿನ ಬೇರೆ ಬೇರೆ ಕಡೆಯಿಂದ ಗೆದ್ದು ಬಂದ ಗಂಡಸರು ಸಾಲಾಗಿ ನಿಂತಿದ್ದಾರೆ. ತೀರ್ಪುಗಾರರು ಮೂವರು. ಒಬ್ಬರು ಶಿಲ್ಪಿ, ಚಾರ್ಲ್ಸ್ ಲಾವ್ಸ್. ಇನ್ನೊಬ್ಬರು ಷರ್ಲಾಕ್ ಹೋಮ್ಸ್‌ನನ್ನು ಸೃಷ್ಟಿಸಿದ ಆರ್ಥರ್ ಕಾನನ್ ಡಾಯ್ಲ್! ಮೂರನೆಯವರು ಸ್ಪರ್ಧೆ ಏರ್ಪಡಿಸಿದ ಯೂಜೆನ್ ಸ್ಯಾಂಡೋ. ಹೌದು, ನಾವು ಅಂಗಡೀಲಿ ಕೇಳೋ ಸ್ಯಾಂಡೋ ಬನಿಯನ್ನಿನ ಸ್ಯಾಂಡೋ.

ಭಾರ ಎತ್ತಿ ಹೆಸರು ಮಾಡಿದ ಈ ಮನುಷ್ಯ ಇಲ್ಲಿ ಯಾರ ಕೈಲೂ ಭಾರ ಎತ್ತಿಸಲಿಲ್ಲ. ಅತಿ ದಪ್ಪ ಸ್ನಾಯು ಇದ್ದವನಿಗೇ ಬಹುಮಾನ ಅಂತ ತಿಳ್ಕೋಬೇಡಿ ಅಂತ ಮೊದಲೇ ಸಾರಿದ್ದರು. ನೋಡಿದ್ದು ಒಟ್ಟು ಬೆಳವಣಿಗೆ, ಅಂಗಾಂಗಗಳ ಸಮತೋಲ, ಸ್ನಾಯುಗಳ ಬಿಗಿ, ಆರೋಗ್ಯ, ಚರ್ಮದ ಸ್ಥಿತಿ. ಗೆದ್ದವರು ನಾಟಿಂಗ್‌ಹ್ಯಾಮ್‌ನ ವಿಲಿಯಂ ಮರ್ರೆ. ಸಿಕ್ಕಿದ್ದು ಸ್ಯಾಂಡೋನದೇ ಪುಟ್ಟ ಪ್ರತಿಮೆ. ಇವತ್ತಿಗೂ ಮಿಸ್ಟರ್ ಒಲಿಂಪಿಯಾ ಗೆದ್ದವರಿಗೆ ಕೊಡೋದು ಸ್ಯಾಂಡೋ ಪ್ರತಿಮೆಯನ್ನೇ.

ಬಿ.ಕಾಂ ಓದಿದ ನನಗೆ ಇದು ಬ್ಯಾಲೆನ್ಸ್ ಶೀಟ್ ತರಾನೇ ಕಾಣುತ್ತೆ. ಒಂದು ಕಡೆ ಎಷ್ಟೇ ಕೂಡಿಸಿ, ಇನ್ನೊಂದು ಕಡೆ ತಾಳೆ ಆಗದಿದ್ರೆ ಲೆಕ್ಕ ತಪ್ಪು. 1950ರಲ್ಲಿ ಮಿಸ್ಟರ್ ಯೂನಿವರ್ಸ್ ಆದ ಅಮೆರಿಕದ ಸ್ಟೀವ್ ರೀವ್ಸ್ ಇದಕ್ಕೆ ಪಕ್ಕಾ ಉದಾಹರಣೆ. ಅವರ ತೋಳು, ಮೀನಖಂಡ, ಕುತ್ತಿಗೆ ಮೂರರದ್ದೂ ಒಂದೇ ಅಳತೆ, ಹದಿನೆಂಟೂವರೆ ಇಂಚು ಅಂತ ಹೇಳ್ತಾರೆ. ತೋಳು ಮಾತ್ರ ಉಬ್ಬಿಸಿ ಕಾಲನ್ನು ಟ್ರ್ಯಾಕ್ ಪ್ಯಾಂಟಲ್ಲಿ ಮುಚ್ಚಿಡೋ ನಮ್ಮ ಜಿಮ್ ಗೆಳೆಯರು ಇದನ್ನ ಸ್ವಲ್ಪ ಕೇಳಿಸ್ಕೊಳ್ಳಿ.

ಆದ್ರೆ ರೀವ್ಸ್ ಆರಡಿ ದಾಟಿದವರು. ಕುಳ್ಳಗಿದ್ದವರ ಕಥೆ ಏನು? ರೀವ್ಸ್ ಗೆದ್ದ ಎರಡೇ ವರ್ಷಕ್ಕೆ, 1952ರಲ್ಲಿ, ಬಂಗಾಳದ ಮನೋಹರ್ ಐಚ್ ಮಿಸ್ಟರ್ ಯೂನಿವರ್ಸ್‌ನಲ್ಲಿ ಕಡಿಮೆ ಎತ್ತರದವರ ವಿಭಾಗ ಗೆದ್ದರು. ಅವರ ಎತ್ತರ 4 ಅಡಿ 11 ಇಂಚು! ಬ್ರಿಟಿಷರ ಕಾಲದಲ್ಲಿ ಜೈಲಿಗೆ ಹೋದಾಗ ಅಲ್ಲೇ ಕಸರತ್ತು ಮಾಡಿ ಮೈ ಕಟ್ಟಿದವರು. ಪ್ರಮಾಣ ಅನ್ನೋದು ಇಷ್ಟೇ ಇಂಚು ಅನ್ನೋ ಲೆಕ್ಕ ಅಲ್ಲ, ಒಂದು ಅಂಗಕ್ಕೂ ಇನ್ನೊಂದಕ್ಕೂ ಇರೋ ಹೊಂದಿಕೆ. ಆ ಹೊಂದಿಕೆಗೆ ಎತ್ತರ ಅಡ್ಡ ಬರಲ್ಲ.

ನಮ್ಮೂರಿನ ಕೊಂಡಿಯೂ ಇದೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ವ್ಯಾಯಾಮಶಾಲೆ ನಡೆಸಿದ ಕೆ.ವಿ. ಅಯ್ಯರ್ 1930ರಲ್ಲೇ ಸ್ನಾಯು ಸಾಧನೆ ಬಗ್ಗೆ ಇಂಗ್ಲಿಷಲ್ಲಿ ಪುಸ್ತಕ ಬರೆದರು. ಬಾರ್‌ಬೆಲ್ ಜೊತೆ ಯೋಗಾಸನ, ಸೂರ್ಯನಮಸ್ಕಾರ ಸೇರಿಸಿದರು. ಅಂಚೆ ಮೂಲಕ ಪಾಠ ಕಳಿಸ್ತಿದ್ದರು, ಅಂದಿನ ಆನ್‌ಲೈನ್ ಕೋಚಿಂಗ್ ಅನ್ನಿ. ಅದೇ ಅಯ್ಯರ್, ಹೊಯ್ಸಳ ರಾಣಿ ಶಾಂತಲೆಯ ಮೇಲೆ ಕನ್ನಡದಲ್ಲಿ ಕಾದಂಬರಿಯನ್ನೂ ಬರೆದವರು. ಮೈಯನ್ನೂ ಶಿಲ್ಪವನ್ನೂ ಒಂದೇ ಕಣ್ಣಲ್ಲಿ ನೋಡಿದವರು ಅಂತ ನನಗನ್ನಿಸುತ್ತೆ.

ಆಮೇಲೆ ವೇದಿಕೆ ಮೇಲಿನ ದೇಹಗಳು ದೈತ್ಯವಾಗ್ತಾ ಹೋದವು. 2016ರಲ್ಲಿ ಮಿಸ್ಟರ್ ಒಲಿಂಪಿಯಾ ವೇದಿಕೆಗೆ ಕ್ಲಾಸಿಕ್ ಫಿಸೀಕ್ ಅನ್ನೋ ವಿಭಾಗ ಬಂತು. ಅಲ್ಲಿ ಎತ್ತರಕ್ಕೆ ತಕ್ಕಷ್ಟೇ ತೂಕ, ಮೀರಿದ್ರೆ ವೇದಿಕೆ ಇಲ್ಲ. 115 ವರ್ಷ ಸುತ್ತಿ ಬಂದು ಮತ್ತೆ ಸ್ಯಾಂಡೋನ ನಿಯಮದ ಹತ್ತಿರಕ್ಕೇ ಬಂದ ಹಾಗಾಯ್ತು.

ಹಾಗಾಗಿ ರೀಲ್ಸ್ ನೋಡಿ 'ನನ್ನ ತೋಳು ಅವನಷ್ಟಿಲ್ಲ' ಅಂತ ಕೊರಗೋ ಬದಲು, ನಿಮ್ಮ ಭುಜಕ್ಕೆ ನಿಮ್ಮ ಕಾಲು ಸರಿಸಾಟಿಯಾ ಅಂತ ನೋಡ್ಕೊಳ್ಳಿ. ಹೋಲಿಸೋದಾದ್ರೆ ಟೇಪು ನಿಮ್ಮ ಮೈಮೇಲೇ ಇರಲಿ. ಮುಂದಿನ ವಾರ ಸಿಗೋಣ.